ಹೆಚ್ಚಂದ್ರ ಎಷ್ಟೊತ್ತು? ಬೈಟ್‌ಕೋಡ್‌ಗೆ ಗಡುವು ಕಟ್ಟೋ ಲೆಕ್ಕ

(ಪಾಡ್‌ಕಾಸ್ಟ್‌ನ ಅಕ್ಷರ ರೂಪ. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ಮಾತನ್ನು ತುಸು ತಿದ್ದಲಾಗಿದೆ.)

ಹುಬ್ಬಳ್ಳಿಯ ವಿದ್ಯಾನಗರದಿಂದ ಮಾತಾಡ್ತಿದೀನಿ. ಕಿಟಕಿಯ ಆಚೆಗೆ ಬಿಆರ್‌ಟಿಎಸ್ ರಸ್ತೆ. ನಡುನಡುವೆ ಚಿಗರಿ ಬಸ್ಸಿನ ಸದ್ದು ಕೇಳಿದ್ರೆ ಹೊಟ್ಟೆಗೆ ಹಾಕ್ಕೊಳ್ರಿ. ಇವತ್ತು ಆ ಬಸ್ಸೂ ನಮ್ಮ ಕೆಲಸಕ್ಕೆ ಬರುತ್ತೆ.

ಇಲ್ಲಿನ ಸ್ಟಾಪ್‌ನಲ್ಲಿ ನಿಂತವರನ್ನ "ಧಾರವಾಡಕ್ಕ ಎಷ್ಟೊತ್ತು ಆಗ್ತೈತಿ?" ಅಂತ ಕೇಳಿ ನೋಡ್ರಿ. ಥಟ್ ಅಂತ ಒಂದು ಉತ್ತರ ಬರುತ್ತೆ. ದಿನಾ ಓಡಾಡಿದವರ ಉತ್ತರ ಅದು, ಬಹುಪಾಲು ದಿನ ಸರಿಯಾಗೂ ಇರುತ್ತೆ. ಈಗ ಅದೇ ಮಂದಿಗೆ ಇನ್ನೊಂದು ಪ್ರಶ್ನೆ ಹಾಕ್ರಿ: "ಮಳೆ ಬರಲಿ, ಮೆರವಣಿಗೆ ಇರಲಿ, ಇದಕ್ಕಿಂತ ಒಂದು ನಿಮಿಷನೂ ಹೆಚ್ಚಾಗೂದಿಲ್ಲ ಅನ್ನೋ ಟೈಮ್ ಹೇಳ್ರಿ. ಬರದು ಸಹಿ ಮಾಡಿ ಕೊಡ್ರಿ." ಒಬ್ಬರೂ ಪೆನ್ ಮುಟ್ಟೋದಿಲ್ಲ.

ಇವತ್ತಿನ ವಿಷಯ ಆ ಎರಡನೇ ಪ್ರಶ್ನೆ. ಕಂಪ್ಯೂಟರ್ ವಿಜ್ಞಾನದಲ್ಲಿ ಅದಕ್ಕೆ 'ವರ್ಸ್ಟ್ ಕೇಸ್ ಎಕ್ಸಿಕ್ಯೂಷನ್ ಟೈಮ್' ಅಂತಾರೆ. ಒಂದು ಪ್ರೋಗ್ರಾಮ್ ಓಡಿ ಮುಗಿಯೋಕೆ ಹೆಚ್ಚೆಂದರೆ ಎಷ್ಟು ಸಮಯ ಹಿಡಿಯಬಹುದು ಅನ್ನೋ ಲೆಕ್ಕ. ನಾನು ಸುಮ್ನೆ 'ಗರಿಷ್ಠ ಸಮಯ' ಅಂತೀನಿ.

ಇನ್‌ಸ್ಟಾಗ್ರಾಮ್ ತೆರೆಯೋಕೆ ಒಂದು ಸೆಕೆಂಡ್ ಹೆಚ್ಚಾದರೆ ನೀವು ಬೈಕೋತೀರಿ, ಅಷ್ಟೆ. ಕಾರಿನ ಏರ್‌ಬ್ಯಾಗ್ ಹಂಗಲ್ಲ. ಡಿಕ್ಕಿಯಾದ ಮೇಲೆ ಕೆಲವೇ ಕೆಲವು ಮಿಲಿಸೆಕೆಂಡ್‌ಗಳಲ್ಲಿ ಅದು ಉಬ್ಬಬೇಕೋ ಬೇಡವೋ ಅಂತ ಸಾಫ್ಟ್‌ವೇರ್ ತೀರ್ಮಾನ ಮಾಡಿರಬೇಕು. ತಡವಾಗಿ ಬಂದ ಸರಿ ಉತ್ತರ ಅಲ್ಲಿ ತಪ್ಪು ಉತ್ತರಕ್ಕೆ ಸಮ. ಇಂಥ ವ್ಯವಸ್ಥೆಗಳಿಗೆ ರಿಯಲ್ ಟೈಮ್ ಸಿಸ್ಟಮ್ ಅಂತ ಹೆಸರು. ಹೆಸರು ಕೇಳಿ 'ಬಹಳ ವೇಗ' ಅಂದ್ಕೋಬೇಡ್ರಿ. ವೇಗ ಕಡಿಮೆ ಇದ್ದರೂ ನಡೀತದೆ, ಹೇಳಿದ ಗಡುವು ಮೀರಬಾರದು.

ಇನ್ನು ಬೈಟ್‌ಕೋಡ್. ವಿದ್ಯಾನಗರದಲ್ಲಿ ಇದನ್ನ ಬಹಳ ಬಿಡಿಸಿ ಹೇಳಬೇಕಾಗಿಲ್ಲ. 1947ರಲ್ಲಿ ಶುರುವಾದ ಬಿವಿಬಿ ಕಾಲೇಜು, ಅಂದರೆ ಈಗಿನ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ಇಲ್ಲೇ ಇದೆ. ಸುತ್ತಮುತ್ತಲಿನ ಪಿಜಿಗಳಲ್ಲಿ ಜಾವಾ ಪುಸ್ತಕ ಇಲ್ಲದ ರೂಮ್ ಸಿಗೋದು ಕಷ್ಟ. ಬೇರೆ ವಿಷಯ ಓದೋ ಕೇಳುಗರಿಗಾಗಿ ಎರಡು ಮಾತು ಹೇಳ್ತೀನಿ. ಜಾವಾದಲ್ಲಿ ಬರೆದ ಪ್ರೋಗ್ರಾಮ್ ನೇರವಾಗಿ ಯಾವುದೇ ಚಿಪ್‌ನ ಭಾಷೆಗೆ ಇಳಿಯೋದಿಲ್ಲ. ಮೊದಲು ಒಂದು ನಡುವಿನ ಭಾಷೆಗೆ ಬರುತ್ತೆ, ಅದೇ ಬೈಟ್‌ಕೋಡ್. ಅದನ್ನ ಓದಿ ಓಡಿಸೋಕೆ ಪ್ರತಿ ಸಾಧನದಲ್ಲೂ ಒಂದು ವರ್ಚುವಲ್ ಮಷೀನ್ ಇರುತ್ತೆ. ಒಮ್ಮೆ ಬರೆದರೆ ಎಲ್ಲ ಕಡೆ ಓಡುತ್ತೆ, ಇದು ಜಾವಾ ಕೊಟ್ಟ ಮಾತು. ಮಾತು ಉಳಿಸಿಕೊಂಡಿದೆ ಕೂಡ.

ಆದ್ರೆ ಎಲ್ಲ ಕಡೆ ಓಡುತ್ತೆ ಅಂದ್ರೆ ಎಷ್ಟು ಹೊತ್ತಿನಲ್ಲಿ? ಆ ಬಗ್ಗೆ ಬೈಟ್‌ಕೋಡ್ ತುಟಿ ಬಿಚ್ಚೋದಿಲ್ಲ. ಅದೇ ಫೈಲ್ ಒಂದು ಚಿಪ್‌ನಲ್ಲಿ ಸರ್ ಅಂತ ಮುಗಿಯುತ್ತೆ, ಇನ್ನೊಂದರಲ್ಲಿ ತೆವಳುತ್ತೆ. ಎರಡೂ ಕಡೆ ಉತ್ತರ ಒಂದೇ, ಸಮಯ ಬೇರೆ. ಜಾವಾ ಬಂದ ಹೊಸದರಲ್ಲಿ ಸನ್ ಕಂಪನಿಯ ಲೈಸೆನ್ಸ್ ಪತ್ರದಲ್ಲಿ ಒಂದು ಎಚ್ಚರಿಕೆ ಇತ್ತು: ವಿಮಾನ ನಿಯಂತ್ರಣಕ್ಕೆ, ಅಣು ಸ್ಥಾವರಕ್ಕೆ ಇದನ್ನ ತಯಾರಿಸಿದ್ದಲ್ಲ ಅಂತ. ಅಂಥ ಪತ್ರಗಳನ್ನ ಯಾರೂ ಓದೋದಿಲ್ಲ, 'ಐ ಅಗ್ರೀ' ಒತ್ತಿ ಮುಂದೆ ಹೋಗ್ತೀವಿ. ಓದಿದ್ರೆ ಕೆಲವೊಮ್ಮೆ ಮಜಾ ಸಿಗುತ್ತೆ.

"ಸಾವಿರ ಸಲ ಓಡಿಸಿ ನೋಡೋಣ, ಎಲ್ಲಕ್ಕಿಂತ ಹೆಚ್ಚು ತಗೊಂಡ ಸಮಯ ಬರ್ಕೊಂಡ್ರೆ ಮುಗೀತಲ್ಲ?" ಅಂತ ಕೇಳೋರಿದ್ದಾರೆ. ಇಂಜಿನಿಯರಿಂಗ್ ಮುಗಿಸಿದವರೂ ಕೇಳ್ತಾರೆ. ಅದರಿಂದ ಸಿಗೋದು ನೀವು ಕಂಡ ಗರಿಷ್ಠ ಮಾತ್ರ. ಕಾಣದೇ ಉಳಿದದ್ದು ಅದಕ್ಕಿಂತ ದೊಡ್ಡದಿರಬಹುದು. ಸಾವಿರ ದಿನ ಧಾರವಾಡಕ್ಕೆ ಹೋದವರಿಗೂ ಸಾವಿರದ ಒಂದನೇ ದಿನ ಉಣಕಲ್ ಹತ್ತಿರ ಏನು ಕಾದಿದೆಯೋ ಗೊತ್ತಿರೋದಿಲ್ಲ.

ನಿಜವಾಗಿ ಹೀಗಾದ ಒಂದು ಘಟನೆ ಹೇಳ್ತೀನಿ. ಚಂದ್ರನ ಮೇಲೆ ಇಳಿಯೋವಾಗ ಆಗಿದ್ದು.

1969ರ ಜುಲೈ 20. ಅಪೊಲೊ 11ರ ನೌಕೆ ಕೆಳಗಿಳೀತಾ ಇದೆ. ಅದರ ಕಂಪ್ಯೂಟರ್‌ಗೆ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದು ಅಮೆರಿಕದ ಎಂಐಟಿಯ ಪ್ರಯೋಗಾಲಯ. ಜಾಗ ಬಹಳ ಕಮ್ಮಿ ಇದ್ದಿದ್ದರಿಂದ ಅವರು ಒಂದು ಉಪಾಯ ಮಾಡಿದ್ದರು. ಪಥದ ಗಣಿತವನ್ನೆಲ್ಲ ನೇರ ಚಿಪ್ ಭಾಷೆಯಲ್ಲಿ ಬರೆಯದೆ, ಚಿಕ್ಕದೊಂದು ನಡುವಿನ ಭಾಷೆಯಲ್ಲಿ ಬರೆದು, ಅದನ್ನ ಓದಿ ನಡೆಸೋಕೆ 'ಇಂಟರ್‌ಪ್ರಿಟರ್' ಅನ್ನೋ ಪ್ರೋಗ್ರಾಮ್ ಇಟ್ಟರು. ಜಾವಾಕ್ಕಿಂತ 25 ವರ್ಷಕ್ಕೂ ಮೊದಲೇ, ನಮ್ಮ ಬೈಟ್‌ಕೋಡ್‌ನ ಅಜ್ಜ ಅಂತ ಕರೀರಿ ಬೇಕಾದ್ರೆ. ಜಾಗ ಉಳೀತು, ಬದಲಿಗೆ ವೇಗ ಹೋಯಿತು.

ಇಳಿಯೋ ಹೊತ್ತಿನ ಮುಖ್ಯ ಲೆಕ್ಕ ಪ್ರತಿ 2 ಸೆಕೆಂಡಿಗೆ ಒಮ್ಮೆ ಶುರುವಾಗಬೇಕು, ಮುಂದಿನದು ಶುರುವಾಗೋದ್ರೊಳಗೆ ಮುಗೀಬೇಕು. ಮಾಮೂಲಿ ದಿನ ಮುಗೀತಿತ್ತು. ಅವತ್ತು ಮಾತ್ರ, ಆ ಹೊತ್ತಿನಲ್ಲಿ ಬೇಕೇ ಇಲ್ಲದ ಇನ್ನೊಂದು ರೇಡಾರ್‌ನಿಂದ ಕಂಪ್ಯೂಟರ್‌ಗೆ ಸುಳ್ಳು ಸಂಕೇತಗಳು ಬರೋಕೆ ಶುರುವಾದವು. ಒಂದೊಂದು ಸಂಕೇತ ಎಣಿಸೋಕೂ 11.7 ಮೈಕ್ರೊಸೆಕೆಂಡ್ ಹೋಗುತ್ತೆ. ಸೆಕೆಂಡಿಗೆ 12,800ರವರೆಗೆ ಬರಬಹುದಿತ್ತು. ಗುಣಿಸಿ ನೋಡ್ರಿ, ಪ್ರತಿ ಸೆಕೆಂಡಿನಲ್ಲಿ ಸುಮಾರು ಶೇ. 15ರಷ್ಟು ಸಮಯ ಕಳವು. ಎರಡು ಸೆಕೆಂಡಿನ ಕೆಲಸ ಎರಡು ಸೆಕೆಂಡಿನಲ್ಲಿ ಮುಗೀಲಿಲ್ಲ. ಮುಗಿಯದ ಕೆಲಸದ ಮೇಲೆ ಹೊಸ ಕೆಲಸ ಬಂದು ಬಿತ್ತು. ಪರದೆ ಮೇಲೆ 1202 ಅನ್ನೋ ಎಚ್ಚರಿಕೆ ಮೂಡಿತು, ಆಮೇಲೆ 1201.

ಅವರು ಬದುಕಿದ್ದು ಇನ್ನೊಂದು ಮುಂದಾಲೋಚನೆಯಿಂದ. ಹೊರೆ ಹೆಚ್ಚಾದರೆ ಕಡಿಮೆ ಮಹತ್ವದ ಕೆಲಸಗಳನ್ನ ಎಸೆದು, ಇಳಿಯೋ ಲೆಕ್ಕವನ್ನ ಮಾತ್ರ ಮತ್ತೆ ಎತ್ತಿಕೊಳ್ಳೋ ಹಾಗೆ ಆ ಸಾಫ್ಟ್‌ವೇರ್ ಕಟ್ಟಿದ್ದರು. ನನ್ನ ಮಟ್ಟಿಗೆ ಈ ಕತೆಯ ದೊಡ್ಡ ಭಾಗ ಅದೇ. ಗರಿಷ್ಠ ಸಮಯದ ಲೆಕ್ಕ ತಪ್ಪಿದಾಗ ಏನು ಮಾಡಬೇಕು ಅಂತಲೂ ಮೊದಲೇ ಯೋಚಿಸಿದ್ದರು.

ಸರಿ, ಹಾಗಾದ್ರೆ ಎಲ್ಲೆಲ್ಲೋ ಓಡಬಹುದಾದ ಬೈಟ್‌ಕೋಡ್‌ಗೆ ಈ ಲೆಕ್ಕ ಹಾಕೋದು ಹೇಗೆ? 2000ನೇ ಇಸವಿಯಲ್ಲಿ ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಗಿಲ್ಲೆಮ್ ಬೆರ್ನಾಟ್, ಆಲನ್ ಬರ್ನ್ಸ್, ಆಂಡಿ ವೆಲ್ಲಿಂಗ್ಸ್ ಒಂದು ಪ್ರಬಂಧ ಬರೆದರು. ಅವರ ಉಪಾಯ ಕೇಳಿದ್ರೆ "ಇಷ್ಟೇನಾ?" ಅನ್ಸುತ್ತೆ: ಲೆಕ್ಕವನ್ನ ಎರಡು ಹೋಳು ಮಾಡ್ರಿ. ಪ್ರೋಗ್ರಾಮ್‌ಗೆ ಸೇರಿದ್ದು ಒಂದು ಕಡೆ, ಮಷೀನಿಗೆ ಸೇರಿದ್ದು ಇನ್ನೊಂದು ಕಡೆ.

ಮತ್ತೆ ಬಸ್ಸಿಗೆ ಬರೋಣ. ಹುಬ್ಬಳ್ಳಿ-ಧಾರವಾಡ ದಾರಿಯಲ್ಲಿ ಎಷ್ಟು ಸ್ಟಾಪು, ಎಷ್ಟು ಸಿಗ್ನಲ್ಲು, ಎಷ್ಟು ತಿರುವು? ಇದು ದಾರಿಯ ಲೆಕ್ಕ. ನೀವು ಚಿಗರಿಯಲ್ಲಿ ಹೋಗ್ರಿ, ಆಟೋದಲ್ಲಿ ಹೋಗ್ರಿ, ಈ ಎಣಿಕೆ ಬದಲಾಗೋದಿಲ್ಲ. ಒಂದು ಸಿಗ್ನಲ್‌ನಲ್ಲಿ ಹೆಚ್ಚೆಂದರೆ ಎಷ್ಟು ಹೊತ್ತು ನಿಲ್ಲಬೇಕು, ಒಂದು ಸ್ಟಾಪ್‌ನಲ್ಲಿ ಹೆಚ್ಚೆಂದರೆ ಎಷ್ಟು? ಇದು ಗಾಡಿಯ ಲೆಕ್ಕ. ಚಿಗರಿಗೆ ತನ್ನದೇ ಲೇನ್ ಇದೆ, ಆಟೋಗೆ ಇಲ್ಲ. ದಾರಿಯ ಎಣಿಕೆಯನ್ನ ಒಮ್ಮೆ ಮಾಡಿಟ್ಟು, ಯಾವ ಗಾಡಿ ಬಂದರೆ ಆ ಗಾಡಿಯ ದರಪಟ್ಟಿಯಿಂದ ಗುಣಿಸೋದು.

ಬೈಟ್‌ಕೋಡ್‌ನಲ್ಲೂ ಹಂಗೇ. ಒಂದು ಚಿಕ್ಕ ಉದಾಹರಣೆ ತಗೊಳ್ಳೋಣ: ಒಂದು ಸೆನ್ಸಾರ್‌ನಿಂದ ಬಂದ 10 ಸಂಖ್ಯೆಗಳನ್ನ ಕೂಡಿಸೋ ಲೂಪ್. ಜಾವಾ ಕಂಪೈಲರ್ ಇದನ್ನ ಸಾಮಾನ್ಯವಾಗಿ ಹೀಗೆ ಬಿಡಿಸುತ್ತೆ. ಶುರುವಿನಲ್ಲಿ, ಮೊತ್ತವನ್ನೂ ಎಣಿಕೆಯನ್ನೂ ಸೊನ್ನೆ ಮಾಡೋಕೆ 4 ಆದೇಶ. '10 ಆಯ್ತಾ?' ಅಂತ ನೋಡೋಕೆ 3 ಆದೇಶ. ಸಂಖ್ಯೆ ತಂದು ಕೂಡಿಸಿ ಹಿಂದಕ್ಕೆ ಹೋಗೋಕೆ 8 ಆದೇಶ. ಕೂಡಿಸೋದು 10 ಸಲ ನಡೆಯುತ್ತೆ. ಪರೀಕ್ಷೆ ಮಾತ್ರ 11 ಸಲ, ಯಾಕಂದ್ರೆ ಕೊನೆಗೆ ಒಮ್ಮೆ 'ಹೌದು, ಆಯ್ತು' ಅಂತ ಗೊತ್ತಾಗಬೇಕಲ್ಲ. 4 ಮತ್ತು 33 ಮತ್ತು 80, ಒಟ್ಟು 117 ಆದೇಶಗಳು. ಈ 117 ನಿಮ್ಮ ಹಳೇ ಫೋನಿನಲ್ಲೂ 117, ಕಾರಿನ ಚಿಪ್‌ನಲ್ಲೂ 117.

ಇನ್ನು ದರಪಟ್ಟಿ. ಒಂದು ಮಷೀನ್‌ನಲ್ಲಿ ಯಾವ ಆದೇಶವೂ 2 ಮೈಕ್ರೊಸೆಕೆಂಡ್ ಮೀರೋದಿಲ್ಲ ಅಂತ ಇಟ್ಕೊಳ್ರಿ. ಗರಿಷ್ಠ 234 ಮೈಕ್ರೊಸೆಕೆಂಡ್. ಇನ್ನೊಂದರಲ್ಲಿ ಅರ್ಧ ಮೈಕ್ರೊಸೆಕೆಂಡ್ ಅಂದ್ರೆ 58.5. ಹೊಸ ಚಿಪ್ ಬಂದಾಗ ಪ್ರೋಗ್ರಾಮನ್ನ ಮತ್ತೆ ಬಿಚ್ಚಿ ನೋಡಬೇಕಿಲ್ಲ, ಆ ಚಿಪ್‌ನ ಪಟ್ಟಿ ಇದ್ದರೆ ಸಾಕು. ನಿಜವಾದ ಪಟ್ಟಿಯಲ್ಲಿ ಒಂದೊಂದು ಆದೇಶಕ್ಕೆ ಒಂದೊಂದು ದರ ಇರುತ್ತೆ. ನಾನು ಸುಲಭಕ್ಕೆ ಒಂದೇ ಹಾಕಿದೆ.

ಆ '10 ಸಲ' ಎಲ್ಲಿಂದ ಬಂತು, ಗಮನಿಸಿದ್ರಾ? ಇಲ್ಲಿ ಕಣ್ಣಿಗೆ ಕಾಣ್ತಿತ್ತು. ಆದ್ರೆ 'ಡೇಟಾ ಖಾಲಿಯಾಗೋವರೆಗೂ ಓಡು' ಅಂತ ಲೂಪ್ ಬರೆದರೆ? ಪ್ರೋಗ್ರಾಮ್ ಓದಿ ಅದು ನಿಲ್ಲುತ್ತೋ ಇಲ್ವೋ ಅಂತ ಎಲ್ಲ ಸಂದರ್ಭದಲ್ಲೂ ಹೇಳೋ ವಿಧಾನವೇ ಇರೋಕೆ ಸಾಧ್ಯವಿಲ್ಲ ಅಂತ ಆಲನ್ ಟ್ಯೂರಿಂಗ್ 1936ರಲ್ಲೇ ತೋರಿಸಿಟ್ಟಿದ್ದಾರೆ. ನಿಲ್ಲುತ್ತೋ ಇಲ್ವೋ ಗೊತ್ತಾಗದಿದ್ದ ಮೇಲೆ ಎಷ್ಟೊತ್ತು ಅಂತ ಹೇಳೋದು ದೂರದ ಮಾತು. ಹಾಗಾಗಿ ಬರೆಯೋರೇ ಮಾತು ಕೊಡಬೇಕು: "ಈ ಲೂಪ್ 10 ಸಲಕ್ಕಿಂತ ಹೆಚ್ಚು ತಿರುಗೂದಿಲ್ಲ." ಆ ಮಾತು ಬೈಟ್‌ಕೋಡ್ ಜೊತೆಗೇ ಪಯಣಿಸಬೇಕು. ಯಾರ್ಕ್‌ನವರು ಮಾಡಿದ್ದೂ ಅದನ್ನೇ.

ಇಲ್ಲಿಗೆ ಅರ್ಧ ಕತೆ. ಉಳಿದರ್ಧ ದರಪಟ್ಟಿಯದ್ದು, ಜಾವಾ ಕೈ ಕೊಡೋದು ಅಲ್ಲಿ.

ಕೆಲವು ಆದೇಶಗಳು ಸಾದಾ. ಎರಡು ಸಂಖ್ಯೆ ಕೂಡಿಸು ಅಂದ್ರೆ ಕೂಡಿಸುತ್ತೆ. ಆದ್ರೆ 'ಹೊಸ ಆಬ್ಜೆಕ್ಟ್ ಮಾಡು' ಅನ್ನೋ ಒಂದೇ ಆದೇಶಕ್ಕೆ ದರ ಎಷ್ಟು? ಮೆಮೊರಿ ಖಾಲಿ ಇದ್ದರೆ ಕ್ಷಣದಲ್ಲಿ ಆಯ್ತು. ತುಂಬಿದ್ದರೆ ವರ್ಚುವಲ್ ಮಷೀನ್ ಎಲ್ಲವನ್ನೂ ನಿಲ್ಲಿಸಿ ಕಸ ಗುಡಿಸೋಕೆ ಕೂರುತ್ತೆ. ಗಾರ್ಬೇಜ್ ಕಲೆಕ್ಷನ್ ಅಂತಾರಲ್ಲ, ಅದೇ. ದಾರಿ ನಡುವೆ ಡ್ರೈವರ್ ಬಸ್ ನಿಲ್ಲಿಸಿ "ತಡೀರಿ, ಒಳಗ ಕಸ ಹೊಡದು ಹೋಗೂಣು" ಅಂದಂಗೆ.

ಜಾವಾ ಮಂದಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಜಾವಾಕ್ಕೆ ಬದಲಾವಣೆ ಬೇಕು ಅಂತ ಸಲ್ಲಿಸೋ ಅಧಿಕೃತ ಕೋರಿಕೆಗಳಿಗೆ ನಂಬರ್ ಇರುತ್ತೆ. ಅದರಲ್ಲಿ 1ನೇ ನಂಬರಿನದ್ದೇ ರಿಯಲ್ ಟೈಮ್ ಜಾವಾ! 2002ರಲ್ಲಿ ಅದು ಅಂತಿಮವಾಯಿತು. ಕಸ ಗುಡಿಸೋ ಕೆಲಸಕ್ಕೆ ತಡೆಯಲು ಬಾರದಂಥ ಥ್ರೆಡ್‌ಗಳು, ಕೆಲಸ ಮುಗಿದ ಕೂಡಲೇ ಇಡಿಯಾಗಿ ಖಾಲಿಯಾಗೋ ಮೆಮೊರಿ, ಇವೆಲ್ಲ ಅದರಲ್ಲಿ ಬಂದವು. ಬಳಸೋದು ಸುಲಭ ಇರಲಿಲ್ಲ. ಮಾಮೂಲಿ ಜಾವಾ ಲೈಬ್ರರಿಗಳು ಮನಬಂದಂಗೆ ಆಬ್ಜೆಕ್ಟ್ ಮಾಡ್ತಾ ಹೋಗ್ತವೆ, ಅವನ್ನ ಇದರೊಳಗೆ ತರೋಕೆ ಆಗೋದಿಲ್ಲ.

ಇನ್ನೊಂದು ತೊಡಕು ಇದಕ್ಕಿಂತ ಹುಷಾರಿನದ್ದು. ಇಂದಿನ ವರ್ಚುವಲ್ ಮಷೀನ್‌ಗಳು ಪದೇ ಪದೇ ಓಡೋ ಕೋಡನ್ನ ಗುರುತಿಸಿ, ಓಡ್ತಾ ಇರುವಾಗಲೇ ನೇರ ಚಿಪ್ ಭಾಷೆಗೆ ಬದಲಿಸ್ತವೆ. ಜಸ್ಟ್ ಇನ್ ಟೈಮ್ ಕಂಪೈಲರ್ ಅಂತ ಹೆಸರು. ಸರಾಸರಿ ವೇಗಕ್ಕೆ ಇದು ವರದಾನ. ಲ್ಯಾಬ್‌ನಲ್ಲಿ ಸಾವಿರ ಸಲ ಓಡಿಸಿದಾಗ ಮೊದಲ ಕೆಲವು ಸಲ ನಿಧಾನ, ಆಮೇಲೆ ಎಲ್ಲ ಬಿಸಿಯಾಗಿ ಭರ್ರಂತ ಓಡುತ್ತೆ. ವರದಿಯಲ್ಲಿ ಅಂದವಾದ ಗ್ರಾಫ್ ಬರುತ್ತೆ.

ಈಗ ಏರ್‌ಬ್ಯಾಗನ್ನ ಉಬ್ಬಿಸೋ ಕೋಡನ್ನ ನೆನೆಸಿಕೊಳ್ರಿ. ಅದು ಪದೇ ಪದೇ ಓಡೋದಿಲ್ಲ. ವರ್ಷಗಟ್ಟಲೆ ಸುಮ್ನೆ ಮಲಗಿರುತ್ತೆ, ಕಾರಿನ ಇಡೀ ಆಯುಷ್ಯದಲ್ಲಿ ಬಹುಶಃ ಒಂದೇ ಸಲ ಏಳುತ್ತೆ. ಜಸ್ಟ್ ಇನ್ ಟೈಮ್ ಪದ್ಧತಿಯಲ್ಲಿ ಅಂಥ ಕೋಡ್ ಯಾವತ್ತೂ ತಣ್ಣಗೇ ಇರುತ್ತೆ. ಅಂದ್ರೆ ಅತಿ ಹೆಚ್ಚು ಬೇಕಾದ ಗಳಿಗೆಯಲ್ಲೇ ಅತಿ ನಿಧಾನ. ಸರಾಸರಿಯನ್ನ ಚೆಂದ ಮಾಡೋ ತಂತ್ರವೇ ಗರಿಷ್ಠವನ್ನ ಕೆಡಿಸುತ್ತೆ. ಇಂಟರ್‌ವ್ಯೂಗಳಲ್ಲಿ 'ಬಿಗ್ ಓ' ಕೇಳಿ ಕೇಳಿ ಹುಡುಗರ ತಲೆ ತಿಂತಾರೆ, ಈ ಒಂದು ಪ್ರಶ್ನೆ ಕೇಳಿದ್ದನ್ನ ನಾನಂತೂ ನೋಡಿಲ್ಲ.

ಹಾಗಾಗಿ ಗಡುವು ಇರೋ ಕಡೆ ಬೈಟ್‌ಕೋಡನ್ನ ಮೊದಲೇ ಪೂರ್ತಿ ಚಿಪ್ ಭಾಷೆಗೆ ಇಳಿಸಿಟ್ಟುಬಿಡ್ತಾರೆ. ಅಥವಾ ಚಿಪ್ಪನ್ನೇ ಬದಲಿಸ್ತಾರೆ. ವಿಯೆನ್ನಾದಲ್ಲಿ ಪಿಎಚ್‌ಡಿ ಮಾಡ್ತಿದ್ದ ಮಾರ್ಟಿನ್ ಶೋಬರ್ಲ್ 2005ರ ಹೊತ್ತಿಗೆ 'ಜೆಓಪಿ' ಅನ್ನೋ ಪ್ರೊಸೆಸರ್ ಕಟ್ಟಿದರು. ಅದು ಜಾವಾ ಬೈಟ್‌ಕೋಡನ್ನೇ ನೇರವಾಗಿ ಓಡಿಸುತ್ತೆ. ಅದರ ಗುರಿ ಅತಿ ವೇಗ ಅಲ್ಲ, ಯಾವ ಆದೇಶಕ್ಕೆ ಎಷ್ಟು ಗಡಿಯಾರದ ಬಡಿತ ಅಂತ ಮೊದಲೇ ಹೇಳೋಕಾಗಬೇಕು ಅನ್ನೋದು. ದರಪಟ್ಟಿ ಬರೆಯೋಕೆ ಅನುಕೂಲ ಆಗಲಿ ಅಂತಲೇ ಗಾಡಿ ಕಟ್ಟಿದಂಗೆ.

ಇಷ್ಟೆಲ್ಲ ಆದ್ಮೇಲೂ ಉಳಿಯೋದು ಅತಿ ಭಯದ ಸಮಸ್ಯೆ. ಪ್ರತಿ ಸಿಗ್ನಲ್ಲೂ ಕೆಂಪು, ಪ್ರತಿ ಸ್ಟಾಪ್‌ನಲ್ಲೂ ಜಾತ್ರೆ ಅಂತ ಕೂಡಿಸಿದರೆ ಬರೋ ಸಂಖ್ಯೆ ಸುರಕ್ಷಿತ, ಸುಳ್ಳಲ್ಲ. ಆದ್ರೆ ಉಪಯೋಗಕ್ಕೆ ಬರೋದಿಲ್ಲ. ಒಂದು ಸಿಗ್ನಲ್‌ನಲ್ಲಿ ಪೂರ್ತಿ ಕಾದ ಬಸ್ಸಿಗೆ ಮುಂದಿನದು ಹಸಿರೇ ಸಿಗೋ ಹಂಗೆ ಹೊಂದಿಸಿದ್ದರೆ, ಎರಡೂ ಕಡೆ ಪೂರ್ತಿ ಕಾಯೋ ಸಂದರ್ಭ ಬರೋದೇ ಇಲ್ಲ. ಚಿಪ್‌ಗಳಲ್ಲೂ ಒಂದು ಆದೇಶ ತಂದಿಟ್ಟ ಡೇಟಾ ಮುಂದಿನದಕ್ಕೆ ಹತ್ತಿರದಲ್ಲೇ ಸಿಗುತ್ತೆ. ಇದನ್ನ ಲೆಕ್ಕಕ್ಕೆ ಹಿಡಿಯದಿದ್ದರೆ ನಿಜಕ್ಕಿಂತ ಎಷ್ಟೋ ಪಟ್ಟು ದೊಡ್ಡ ಸಂಖ್ಯೆ ಬಂದು, ಅಗತ್ಯಕ್ಕಿಂತ ದುಬಾರಿ ಚಿಪ್ ಕೊಳ್ಳಬೇಕಾಗುತ್ತೆ. ಹಿಡಿಯೋಕೆ ಹೋದ್ರೆ ದಾರಿಯ ಲೆಕ್ಕ, ಗಾಡಿಯ ಲೆಕ್ಕ ಅಂತ ಅಷ್ಟು ಚೊಕ್ಕವಾಗಿ ಮಾಡಿದ್ದ ಎರಡು ಹೋಳು ಮತ್ತೆ ಒಂದರೊಳಗೊಂದು ಸೇರಿಕೊಳ್ತವೆ. ಇದಕ್ಕೆ ಪೂರ್ತಿ ಪರಿಹಾರ ಇಲ್ಲ, ಚೌಕಾಸಿ ಅಷ್ಟೇ.

ಒಂದು ವಿಚಿತ್ರನೂ ಇದೆ. ಕೆಲವು ಚಿಪ್‌ಗಳಲ್ಲಿ ಒಂದು ಆದೇಶ ಬೇಗ ಮುಗಿದರೆ ಒಟ್ಟು ಕೆಲಸ ತಡ ಆಗುತ್ತೆ. ನಂಬೋದಿಲ್ವಾ? ಬಸ್ ಒಂದು ಸ್ಟಾಪಿಗೆ ಅರ್ಧ ನಿಮಿಷ ಮೊದಲೇ ಬಂದು, ಇನ್ನೂ ಮಂದಿ ಹತ್ತಿಸ್ಕೊಳ್ತಿರೋ ಮುಂದಿನ ಬಸ್ಸಿನ ಹಿಂದೆ ಸಿಕ್ಕಿಹಾಕ್ಕೊಂಡಿದ್ದನ್ನ ನೋಡಿಲ್ವಾ ನೀವು?

ನಮ್ಮ ರಾಜ್ಯದ ಒಂದು ಉದಾಹರಣೆ ಹೇಳಲೇಬೇಕು. ತೇಜಸ್ ಯುದ್ಧವಿಮಾನ 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿತು. ಅದರ ಆಕಾರವನ್ನ ಬೇಕಂತಲೇ ಅಸ್ಥಿರವಾಗಿ ಮಾಡಿದ್ದಾರೆ, ಚುರುಕಾಗಿ ತಿರುಗಲಿ ಅಂತ. ಕಂಪ್ಯೂಟರ್ ಎಡೆಬಿಡದೆ ತಿದ್ದುತ್ತಾ ಇದ್ದರೆ ಮಾತ್ರ ಅದು ನೆಟ್ಟಗೆ ಹಾರುತ್ತೆ. ಒಂದು ತಿದ್ದುಪಡಿ ತಡವಾದ್ರೆ ಪೈಲಟ್ ಕೈಯಲ್ಲಿ ಆಗೋ ಕೆಲಸ ಅಲ್ಲ ಅದು. ಒಂದರ ಬದಲು ನಾಲ್ಕು ಪಟ್ಟು ವ್ಯವಸ್ಥೆ ಇಟ್ಟಿದ್ದಾರೆ. ಆ ಸಾಫ್ಟ್‌ವೇರ್ ಬರೆದದ್ದು ಅಡಾ ಭಾಷೆಯಲ್ಲಿ, ಅದು ನೇರವಾಗಿ ಚಿಪ್ ಭಾಷೆಗೆ ಇಳಿಯುತ್ತೆ. ನಡುವೆ ವರ್ಚುವಲ್ ಮಷೀನ್ ಇಟ್ಟರೆ ಅದರ ಸಮಯಕ್ಕೂ ಪುರಾವೆ ಕೊಡಬೇಕಾಗುತ್ತೆ. ಎಲ್ಲ ಕಡೆ ಓಡೋದು ಅವರಿಗೆ ಬೇಕಾಗಿರಲಿಲ್ಲ, ಒಂದು ವಿಮಾನದಲ್ಲಿ ಹೊತ್ತಿಗೆ ಸರಿಯಾಗಿ ಓಡಬೇಕಿತ್ತು.

ಹಾಗಾದ್ರೆ ನಮ್ಮಂಥವರಿಗೆ ಇದೆಲ್ಲ ಯಾಕೆ ಅಂತೀರಾ? ನಿಮ್ಮ ಕೈಯಲ್ಲಿರೋ ಫೋನ್ ತಗೊಳ್ರಿ. 60 ಹರ್ಟ್ಜ್ ಪರದೆ ಅಂದ್ರೆ ಒಂದು ಚಿತ್ರಕ್ಕೆ 16.67 ಮಿಲಿಸೆಕೆಂಡ್ ಗಡುವು. 120 ಹರ್ಟ್ಜ್ ಅಂತ ಹೆಚ್ಚು ದುಡ್ಡು ಕೊಟ್ಟು ತಂದಿದ್ದರೆ 8.33 ಮಾತ್ರ. ಆಂಡ್ರಾಯ್ಡ್‌ನ ಡೆವಲಪರ್ ಆಯ್ಕೆಗಳಲ್ಲಿ ಚಿತ್ರ ಮೂಡಿಸೋ ಸಮಯವನ್ನ ಪರದೆ ಮೇಲೇ ಕಂಬಗಳಾಗಿ ತೋರಿಸೋ ಸೌಲಭ್ಯ ಇದೆ, ಹೆಸರು 'ಪ್ರೊಫೈಲ್ ಎಚ್‌ಡಬ್ಲ್ಯೂಯುಐ ರೆಂಡರಿಂಗ್'. ಹಾಕಿಕೊಂಡು ರೀಲ್ಸ್ ಸರಿಸಿ ನೋಡ್ರಿ. ಒಂದು ಹಸಿರು ಗೆರೆ ಕಾಣುತ್ತೆ, ಅದೇ 16.67ರ ಗಡುವು. ಗೆರೆ ದಾಟಿದ ಕಂಬಗಳೇ ನಿಮಗೆ 'ಲ್ಯಾಗ್' ಅನ್ನಿಸೋದು. ಆಂಡ್ರಾಯ್ಡ್ ಕೂಡ ಈ ಹಗ್ಗಜಗ್ಗಾಟದಲ್ಲೇ ಬೆಳೆದಿದೆ. 2014ರ 5.0 ಆವೃತ್ತಿಯಲ್ಲಿ ಆ್ಯಪ್ ಹಾಕಿಕೊಳ್ಳುವಾಗಲೇ ಬೈಟ್‌ಕೋಡನ್ನ ಪೂರ್ತಿ ಇಳಿಸಿಡ್ತಿತ್ತು. ಇನ್‌ಸ್ಟಾಲ್ ಆಗೋಕೆ ಹೊತ್ತು ಹಿಡೀತು, ಜಾಗ ತಿಂತು. 2016ರ 7.0ರಲ್ಲಿ ಜಸ್ಟ್ ಇನ್ ಟೈಮ್ ಮತ್ತೆ ಬಂತು, ಎರಡನ್ನೂ ಬೆರೆಸಿ.

ಅದೇ ಫೋನಿನ ಒಳಗೆ ಇನ್ನೂ ಒಂದು ಬೈಟ್‌ಕೋಡ್ ಇದೆ, 'ಇಬಿಪಿಎಫ್'. ಯಾವ ಆ್ಯಪ್ ಎಷ್ಟು ಡೇಟಾ ಬಳಸಿತು ಅಂತ ಎಣಿಸೋಕೆ ಆಂಡ್ರಾಯ್ಡ್ 9ರಿಂದ ಇದನ್ನ ಬಳಸ್ತಾರೆ. ಇದು ಓಡೋದು ಲಿನಕ್ಸ್ ಕರ್ನಲ್‌ನ ಒಳಗೇ. ಅಲ್ಲಿ ಒಂದು ಪ್ರೋಗ್ರಾಮ್ ಸುತ್ತುತ್ತಾ ಕೂತರೆ ಇಡೀ ಫೋನ್ ಹೆಪ್ಪುಗಟ್ಟುತ್ತೆ. ಅದಕ್ಕೇ ಬಾಗಿಲಲ್ಲೇ ಒಬ್ಬ ತಪಾಸಣೆಯವನನ್ನ ನಿಲ್ಲಿಸಿದ್ದಾರೆ, ವೆರಿಫೈಯರ್ ಅಂತ. ನಿಲ್ಲುತ್ತೆ ಅಂತ ಅವನಿಗೆ ಖಾತ್ರಿ ಆಗದ ಕೋಡ್ ಒಳಗೇ ಹೋಗೋದಿಲ್ಲ. ಮೊದಮೊದಲು ಲೂಪ್ ಕಂಡರೇ ವಾಪಸ್ ಕಳಿಸ್ತಿದ್ದ. 2019ರಲ್ಲಿ ಮಿತಿ ಇರೋ ಲೂಪ್‌ಗೆ ಒಪ್ಪಿಗೆ ಸಿಕ್ಕಿತು. ಅದೇ ವರ್ಷ, ಅವನು ಪರಿಶೀಲಿಸೋ ಆದೇಶಗಳ ಮಿತಿ 10 ಲಕ್ಷಕ್ಕೆ ಏರಿತು.

ಆದ್ರೆ ಅವನು ಆದೇಶಗಳನ್ನ ಎಣಿಸ್ತಾನೆಯೇ ಹೊರತು ಮೈಕ್ರೊಸೆಕೆಂಡ್‌ಗಳನ್ನಲ್ಲ. ದಾರಿಯ ಲೆಕ್ಕ ಅವನ ಹತ್ತಿರ ಇದೆ, ಗಾಡಿಯ ದರಪಟ್ಟಿ ಇಲ್ಲ. ಕರ್ನಲ್‌ನ ಬೇರೆ ಫಂಕ್ಷನ್ ಒಂದನ್ನ ಕರೆದರೆ ಅದೂ ಒಂದೇ ಆದೇಶ, ಅದರೊಳಗೆ ಎಷ್ಟು ಹೊತ್ತು ಹೋಗುತ್ತೋ ಅವನು ಕೇಳೋದಿಲ್ಲ. ಡೇಟಾ ಎಣಿಸೋಕೆ ಅಷ್ಟು ಸಾಕು. ಏರ್‌ಬ್ಯಾಗಿಗೆ ಸಾಲೋದಿಲ್ಲ.